ಎರಡೂ ಎಡಗೈ ತೋಳು

ಅಪ್ಪಾ,

ತಮಾಷೆಗೆ ಅಂದಿದ್ದು ಅಂತೀರಲ್ಲ, ಕೋಟು ಹೊಲಿಯೋಕೆ ಕೊಟ್ಟಿದ್ದ ಮೇಷ್ಟ್ರು ನಗಲೇ ಇಲ್ಲ, ನೋಡಿದ್ರಾ?

ಕೆಲಸ ಕಲಿಯೋವಾಗ ನಾನು ಬಟ್ಟೆ ತಿರುಗಿಸದೆ ಕತ್ತರಿಸಿ, ಒಂದು ಶರ್ಟಿಗೆ ಎರಡೂ ಎಡಗೈ ತೋಳು ಮಾಡಿದ್ದು ನಿಜ. ನೀವು ಆ ಶರ್ಟನ್ನ ಅಂಗಡಿ ಕನ್ನಡಿ ಪಕ್ಕ ನೇತುಹಾಕಿ, ಬಂದ ಗಿರಾಕಿಗೆಲ್ಲ "ಇದು ನಮ್ಮ ಎಡಗೈ ಪಂಡಿತನ ಕೆಲಸ" ಅಂತ ತೋರಿಸಿದ್ರಿ. ಅಳತೆ ಕೊಡೋಕೆ ಬಂದ ಮಕ್ಕಳೂ ನನ್ನನ್ನ ಹಾಗೇ ಕರೆದ್ರು. ನಾನೂ ಅವರ ಜೊತೆ ಹಲ್ಲು ಕಿರಿದೆ.

ಆದ್ರೆ ಈ ಕೋಟಿನ ಬಟ್ಟೆ ಕತ್ತರಿಸಿದ್ದು ನೀವು. ಬೆಳಿಗ್ಗೆ ಟ್ರಯಲ್ ನೋಡೋಕೆ ಬಂದ ಮೇಷ್ಟ್ರಿಗೆ ತೋಳು ಕೂರಲಿಲ್ಲ. ಎರಡೂ ಎಡಗೈಯದೇ ಅಂತ ಗೊತ್ತಾದಾಗ ನೀವು ಆ ಶರ್ಟ್ ಕಡೆ ಕೈ ತೋರಿಸಿ, "ಗೊತ್ತಲ್ಲ ಸಾರ್, ಇವನ ಬುದ್ಧಿ" ಅಂದ್ರಿ.

ಅವರು ತಕ್ಷಣ ನಂಬಿದ್ರು ಅಪ್ಪ. ನನ್ನನ್ನ ಒಂದು ಮಾತೂ ಕೇಳಲಿಲ್ಲ. ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತು ಅಂತ ನನಗೆ ಈಗಲೂ ಗೊತ್ತಿಲ್ಲ. ಇಷ್ಟು ವರ್ಷ ಹಳೇದನ್ನ ಎತ್ತಿ ಆಡಿದ್ದೆಲ್ಲ ಬರೀ ನಗೋಕೆ ಅಂದ್ಕೊಂಡಿದ್ದೆ.

ಉಳಿದ ಬಟ್ಟೆಯಲ್ಲಿ ಬಲಗೈ ತೋಳು ಕತ್ತರಿಸಿ, ಗುಂಡುಪಿನ್ನು ಚುಚ್ಚಿ ಮೇಜಿನ ಮೇಲಿಟ್ಟಿದೀನಿ. ನಿಮ್ಮ ಕಣ್ಣು ಮಂಜಾಗ್ತಿದೆ, ಡಾಕ್ಟರಿಗೆ ತೋರಿಸ್ಕೊಳ್ಳಿ. ನಾನು ಬೇರೆ ಅಂಗಡಿಯಲ್ಲಿ ಕೆಲಸ ನೋಡ್ಕೊಳ್ತೀನಿ. ಯಾಕೆ ಅಂತ ಅಮ್ಮನಿಗೆ ನೀವೇ ಹೇಳಿ, ಆದ್ರೆ ನಿಜ ಹೇಳಿ.

ನೀವು ಊಟ ಮುಗಿಸಿ ಬರೋದ್ರೊಳಗೆ ಹೊರಡಬೇಕು. ಬಾಗಿಲು ಎಳ್ಕೊಂಡು ಹೋಗ್ತಾ ಇದೀನಿ.

ನಿಮ್ಮ ಮಗ