ಅವ್ವನ ಸೀಸೆ

ರಾಜಾಜಿನಗರ
12-8-1974

ಲಂಡನ್ನು ಕಂಡು ಬಂದ ಡಾಕ್ಟರ್ ಗುರುಸಿದ್ದಯ್ಯನಿಗೆ ಅಣ್ಣ ಏಕಾಂತಯ್ಯನ ಆಶೀರ್ವಾದ.

ವಿಜಯನಗರದ ನಿನ್ನ ನರ್ಸಿಂಗ್ ಹೋಮಿನ ಹೊಸ ಮಹಡಿಗೆ ಅವ್ವನ ಕೈಯಿಂದಲೇ ದೀಪ ಹಚ್ಚಿಸಬೇಕೆಂದು ಕಾರ್ಡು ಕಳಿಸಿದ್ದೀಯೆ. ಚೆಂದದ ಕಾರ್ಡು.

ಹೋದ ಸೋಮವಾರವೇ ಅವ್ವ ಅಲ್ಲಿಗೆ ಬಂದಿದ್ದಳು. ಕೆಮ್ಮು ಹೆಚ್ಚಾಗಿತ್ತು. ಸರ್ಕಾರಿ ಆಸ್ಪತ್ರೆಯ ಅಭ್ಯಾಸದಂತೆ ಔಷಧಿಗೆ ಸೀಸೆ ತೊಳೆದುಕೊಂಡು, ಮಗನ ಹೆಸರೆತ್ತದೆ ಸಾಲಿನಲ್ಲಿ ನಿಂತಳು. ಮೇಜಿನ ಹುಡುಗಿ, "ಸೀಸೆ ಹಿಡ್ಕೊಂಡು ಬರೋಕೆ ಇದೇನು ಧರ್ಮಾಸ್ಪತ್ರೆನಾ ಅಜ್ಜಿ? ನಡೀರಿ ಆಚೆ" ಅಂದಳು. ನೀನು ಬಾಗಿಲಲ್ಲೇ ಇದ್ದೆ. ಅವ್ವನನ್ನು ನೋಡಿದೆ, ಪಕ್ಕದ ದೊಡ್ಡ ಮನುಷ್ಯರನ್ನು ನೋಡಿದೆ, ಒಳಗೆ ಹೋದೆ. ನೀನು ನೋಡಲೇ ಇಲ್ಲವೆಂದು ಅವ್ವ ಆಣೆ ಇಡುತ್ತಾಳೆ. ಜೊತೆಗಿದ್ದ ನಿನ್ನ ಅತ್ತಿಗೆಗೆ ಕಣ್ಣು ಚೆನ್ನಾಗಿದೆ.

ಲಂಡನ್ನಿನಿಂದ ನೀನು ಬರೆದ ಕಾಗದಗಳನ್ನು ಬೀದಿಗೆಲ್ಲ ಓದಿ ಹೇಳಿದವನು ನಾನು. ಅಲ್ಲಿ ಕಸ ಗುಡಿಸುವವನಿಗೂ ಸಾಹುಕಾರನಿಗೂ ಒಂದೇ ವಾರ್ಡು, ಆಸ್ಪತ್ರೆಯಲ್ಲಿ ಯಾರೂ ದುಡ್ಡು ಕೇಳುವುದಿಲ್ಲ, ನಮ್ಮ ದೇಶ ಇದನ್ನೆಲ್ಲ ಯಾವಾಗ ಕಲಿಯುತ್ತದೋ ಎಂದು ನೀನು ಬರೆದಿದ್ದೆ. ದೇಶ ಹಾಗಿರಲಿ, ನೀನು ಕಲಿತು ಬಂದದ್ದು ಟೈ ಕಟ್ಟುವುದನ್ನು.

ಇಲ್ಲಿಯ ಸರ್ಕಾರಿ ಕಂಪೌಂಡರ್ ಬೈಯುತ್ತಾನೆ, ಔಷಧಿಗೆ ನೀರು ಬೆರೆಸುತ್ತಾನೆ. ಆದರೂ ಸೀಸೆ ತುಂಬಿಸಿಯೇ ಕಳಿಸುತ್ತಾನೆ.

ದೀಪಕ್ಕೆ ಅವ್ವ ಬರುವುದಿಲ್ಲ. ಅವತ್ತು ಗಾಬರಿಯಲ್ಲಿ ಸೀಸೆಯನ್ನು ನಿಮ್ಮ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದಾಳೆ. ಈ ಕಾಗದ ತಂದಿರುವ ನಿನ್ನ ಅತ್ತಿಗೆಯ ಕೈಗೆ ಅದನ್ನು ಕೊಡು. ನಾಳೆ ಸರ್ಕಾರಿ ಆಸ್ಪತ್ರೆಗೆ ಬೇಕು.

ಇತಿ,
ಏಕಾಂತಯ್ಯ