ಅವ್ವನ ಪ್ರತಿ

ಹೊಸಪೇಟೆ, 3 ಆಗಸ್ಟ್ 1994, ಬೆಳಿಗ್ಗೆ 5.30

ಚಿನ್ನಿಗೆ ನಾಲ್ಕನೇ ಸಲ ಹಾಲು. ನಿದ್ದೆ ಇಲ್ಲ. ಮತ್ತೆ ಅವಳ ಹೊಟ್ಟೆ ಒತ್ತಿ ನೋಡಿದೆ — ಗಡ್ಡೆ ಇಲ್ಲ. ಅತ್ತೆ ನಕ್ಕರು: “ಕೂಸಿನ ಹೊಟ್ಟಿ ಏನ್ ಮಾವಿನಹಣ್ಣೇನ, ದಿನಾ ಒತ್ತಿ ನೋಡ್ತಿ?”

ಏನು ಹೇಳಲಿ? ಮಕ್ಕಳ ಕಿಡ್ನಿ ಕ್ಯಾನ್ಸರೇ ನನ್ನ ಪಿಎಚ್.ಡಿ. ಬೆಂಗಳೂರಿನಿಂದ ಗೈಡ್ ಬರೆದಿದ್ದಾರೆ: ಈ ತಿಂಗಳು ಫಲಿತಾಂಶ ಬರದಿದ್ದರೆ ಕೆಲಸ ಬೇರೆಯವರಿಗೆ.

ಕೈಯಲ್ಲಿರುವುದು ಒಂದೇ ಕೇಸು. ಕಂಪ್ಲಿಯ ಶರಣ, ಮೂರು ವರ್ಷ. ಆಪರೇಷನ್ ಆಗಿ ಹುಷಾರಾಗಿದ್ದಾನೆ. ಪ್ರಶ್ನೆಯೂ ಒಂದೇ. ಈ ಗಡ್ಡೆಗೆ ಸಂಬಂಧಿಸಿದ ಜೀನ್ ಪ್ರತಿ ಮಗುವಿಗೂ ಅಪ್ಪನಿಂದೊಂದು ಪ್ರತಿ, ಅವ್ವನಿಂದೊಂದು. ಜೀನಿನ ಮೇಲೆ ಕೂರುವ ಮೀಥೈಲ್ ಎಂಬ ರಾಸಾಯನಿಕ ಗುರುತು ಸಾಮಾನ್ಯವಾಗಿ ಅಪ್ಪನದಕ್ಕೆ ಮಾತ್ರ. ಗಡ್ಡೆಯಲ್ಲಿ ಅವ್ವನ ಪ್ರತಿ ಕಳೆದೇ ಹೋಗಿದೆಯೋ, ಅದಕ್ಕೂ ಗುರುತು ಬಿದ್ದಿದೆಯೋ?

11 ಆಗಸ್ಟ್

ಬೆಂಗಳೂರಿನ ಲ್ಯಾಬಿನಿಂದ ಡಿಎನ್‌ಎ ಪಟ್ಟಿಗಳ ಫಿಲ್ಮ್ ಬಂತು! ಕಿಟಕಿಗೆ ಹಿಡಿದೆ. ಗಡ್ಡೆಯ ಎರಡೂ ಪಟ್ಟಿ ಅಪ್ಪನ ರಕ್ತದಲ್ಲಿವೆ. ಅವ್ವನದು ಒಂದೂ ಇಲ್ಲ. ಕಳೆದುಹೋಗಿದೆ! ಕುಣಿದುಬಿಟ್ಟೆ.

ಮಧ್ಯಾಹ್ನ — ಅಯ್ಯೋ. ಶರಣನ ರಕ್ತದಲ್ಲೂ ಹಾಗೇ. ರಕ್ತದಲ್ಲಂತೂ ಅವ್ವನ ಪಟ್ಟಿ ಇರಲೇಬೇಕು. ಅಂದರೆ... ಅವ್ವ ಎಂದು ರಕ್ತ ಕೊಟ್ಟ ಉಚ್ಚಂಗೆಮ್ಮ ಹೆತ್ತವಳಲ್ಲ.

13 ಆಗಸ್ಟ್

ಚಿನ್ನಿಯನ್ನು ಎತ್ತಿಕೊಂಡು ಕಂಪ್ಲಿ ಬಸ್ಸು. ಕೇಳುವುದು ಹೇಗೆ? “ಇನ್ನೊಂದು ರಕ್ತ ಬೇಕಾಗಿತ್ತು” ಎಂದೆ, ಅಷ್ಟೇ. ಉಚ್ಚಂಗೆಮ್ಮ ಭತ್ತದ ಚೀಲಗಳ ಕೋಣೆಗೆ ಕರೆದೊಯ್ದಳು.

“ನನಗ ಮಕ್ಕಳಾಗಲಿಲ್ರಿ. ನನ್ನ ತಂಗಿ ಜಂಬವ್ವನ್ನೂ ನಮ್ಮ ಮನಿಯವರಿಗೇ ಕೊಟ್ಟು ಮದುವಿ ಮಾಡಿದ್ರು. ಆಕಿ ಹಡೆದ್ಲು, ತೊಟ್ಟಿಲದ ದಿನ ನನ್ನ ಉಡಿಯಾಗ ಹಾಕಿದ್ಲು. ಆಮ್ಯಾಲೆ ಮನ್ಯಾಗ ಯಾರೂ ಆ ಮಾತು ಎತ್ತಿಲ್ಲ. ನೀವು ಅವ್ವನ ರಕ್ತ ಅಂದ್ರಿ, ನಾನು ಕೈ ಚಾಚಿದೆ. ತಪ್ಪಾತೇನ್ರಿ?”

“ತಪ್ಪು ನನ್ನದು. ಹಡೆದವರು ಯಾರಂತ ನಾನು ಕೇಳಲೇ ಇಲ್ಲ.”

ಬಾಗಿಲಲ್ಲಿ ಜಂಬವ್ವ. ಆಗಲೇ ತೋಳು ಮೇಲೇರಿಸಿದ್ದಳು. “ಜಲ್ದಿ ಚುಚ್ಚರಿ. ಈ ಕಾಲುವಿ ಸೊಳ್ಳಿಗೆ ದಿನಾ ಕೊಡ್ತೀನಿ, ನನ್ನ ಕೂಸಿಗೆ—” ಅಕ್ಕನ ಮುಖ ನೋಡಿದಳು. “ಅಕ್ಕನ ಕೂಸಿಗೆ ಕೊಡಂಗಿಲ್ಲೇನು?”

ಸಂಜೆಯ ರೈಲಿಗೆ ಐಸ್ ಡಬ್ಬಿ ಹಾಕಿದೆ.

26 ಆಗಸ್ಟ್, ಮಧ್ಯಾಹ್ನ

ಬಂತು ಬಂತು! ಎರಡರಲ್ಲೊಂದು ಜಂಬವ್ವನ ಪಟ್ಟಿ; ಅಪ್ಪನಲ್ಲೂ ಅಂಥದ್ದೇ ಇದ್ದದ್ದಕ್ಕೆ ಮೋಸಹೋಗಿದ್ದೆ. ಶರಣನ ರಕ್ತದಲ್ಲಿದೆ. ಗಡ್ಡೆಯಲ್ಲೂ ಇದೆ! ಅವ್ವನ ಪ್ರತಿ ಎಲ್ಲೂ ಹೋಗಿಲ್ಲ. ಒಂದಕ್ಷರ ಬದಲಾಗಿಲ್ಲ. ಅದರ ಮೇಲಿನ ಮೀಥೈಲ್ ಗುರುತು ಮಾತ್ರ ಅಪ್ಪನದರಂತೆ... ಎಸ್‌ಟಿಡಿ ಬೂತಿನಲ್ಲಿ ಕಿರುಚಿಬಿಟ್ಟೆ. ಗೈಡ್, “ಬರೆಯಮ್ಮ, ಇದು ನಿನ್ನದೇ” ಎಂದರು. ನನ್ನದೇ!

ಬರೆಯಲು ಕೂತೆ. ಹೆಸರು ಬೇಡ, ನಂಬರು ಸಾಕು. ನಂಬರು 4, ಜಂಬವ್ವ: ತಾಯಿ. ನಂಬರು 2, ಉಚ್ಚಂಗೆಮ್ಮ: “ಸಂಬಂಧ—” ಕೈ ನಿಂತಿತು. ರಕ್ತದ ಲೆಕ್ಕಕ್ಕೆ ದೊಡ್ಡಮ್ಮ. ಆದರೆ ಆಪರೇಷನ್ ದಿನ ಥಿಯೇಟರ್ ಬಾಗಿಲಲ್ಲಿ ಕೂತು, ನೀರೂ ಮುಟ್ಟದೆ, ಸಂಜೆಯವರೆಗೆ ಕಾದವಳು ಅವಳು. ನಂಬರು 2ರ ಮುಂದೆ “ಅವ್ವ” ಎಂದು ಬರೆದೆ.