ಗುಮ್ಮಟದ ಕೆಳಗೆ ನಿಲ್ಲುವವರು

ಜನವರಿ ೧೨, ಸೋಮವಾರ

ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ ಬಂದು ತಿಂಡಿಗೆ ಪುಟ್ಟು ಬೇಯಿಸಿದೆ. ಇವರು ತಿಂದು, ಅಂಗಳದಲ್ಲಿ ಸೆಂಟ್ರಿಂಗ್ ಶೀಟುಗಳಿಗೆ ಎಣ್ಣೆ ಬಳಿಸುತ್ತಿದ್ದಾರೆ. ಮೈದುನ ಪೈಲಿ ಬಂದ. ನಮ್ಮ ಸೆಂಟ್ರಿಂಗ್ ಕಂಪನಿಗೆ ಐವತ್ತು ವರ್ಷ, ಚರಿತ್ರೆ ಅಚ್ಚು ಹಾಕಿಸುತ್ತಾನಂತೆ.

ಮಾವ ಶುರು ಮಾಡಿದ್ದು ಅಡಿಕೆ ಕಂಬ, ತೆಂಗಿನ ಹಲಗೆಯಲ್ಲಿ. ಗುಮ್ಮಟಕ್ಕೆ ಸೆಂಟ್ರಿಂಗ್ ಕಟ್ಟುವುದು ಅಂಗಮಾಲಿಯಲ್ಲಿ ಬೇರೆಯವರಿಗೆ ಬರುತ್ತಿರಲಿಲ್ಲ. ಕೊನೆಯ ಕಂಬ ಬಿಚ್ಚುವಾಗ ತಾವೇ ಕೆಳಗೆ ನಿಲ್ಲುತ್ತಿದ್ದರು. ಇಂದಿಗೂ ಮನೆಯವರೊಬ್ಬರು ನಿಲ್ಲಬೇಕು. ಜನ ಅದನ್ನು ನೋಡಿಯೇ ಕೆಲಸ ಕೊಡುವುದು.

"ಬರೋ ಸೋಮವಾರ ಇಗರ್ಜಿಯ ಹೊಸ ಸಭಾ ಹಾಲಿನ ಗುಮ್ಮಟದ ಸೆಂಟ್ರಿಂಗ್ ಬಿಚ್ತೀವಿ. ಚೇಟ್ಟ ನಿಲ್ಲಲಿ, ಪುಸ್ತಕಕ್ಕೆ ಫೋಟೋ ಹಿಡಿಸ್ತೀನಿ," ಅಂದ.

ಇಷ್ಟು ವರ್ಷ ಅವನೇ ಮೀಸೆ ತಿರುವಿಕೊಂಡು ನಿಲ್ಲುತ್ತಿದ್ದ. ಈಗ್ಯಾಕೆ ಅಣ್ಣ ನೆನಪಾದ?

ಜನವರಿ ೧೪

ಪೈಲಿ ಸಭಾ ಹಾಲಿನ ಸುತ್ತ ಟಾರ್ಪಾಲು ಕಟ್ಟಿಸಿದ್ದಾನೆ. ಯಾಕೆ ಅಂದೆ.

"ಧೂಳು, ಚೇಡತ್ತಿ," ಅಂತ ಅತ್ತಿಗೆಗೆ ಉತ್ತರ.

ಧೂಳೇಳುವ ಕೆಲಸ ಅಲ್ಲೇನಿದೆ? ಕಾಂಕ್ರೀಟು ಸುರಿದಾಯಿತು. ಗಟ್ಟಿಯಾಗಬೇಕು, ಅಷ್ಟೇ.

ಇವರಿಗೆ ಹೇಳಿದೆ. "ತ್ರೇಸ್ಯಾ, ಜಪಮಾಲೆ ಹಿಡ್ಕೊಂಡ್ರೂ ನಿಂಗೆ ಪೈಲೀದೇ ಧ್ಯಾನ," ಅಂತ ನಕ್ಕರು. ನನಗೆ ನಗು ಬರಲಿಲ್ಲ. ದೇವಮಾತಾವೇ, ತಪ್ಪು ಯೋಚಿಸಿದ್ದರೆ ಕ್ಷಮಿಸು.

ಜನವರಿ ೧೬, ಶುಕ್ರವಾರ

ಮೀನು ತರಲು ಕಾಲಡಿ ಪೇಟೆಗೆ ಹೋಗಿದ್ದೆ. ಅಲ್ಲಿ ಹೊಸ ಅಂಗಡಿ ಏಳುತ್ತಿದೆ. ಛಾವಣಿಗೆ ಆಸರೆ ಕೊಟ್ಟ ಕಬ್ಬಿಣದ ಜಾಕಿ ಕಂಬಗಳ ಮೇಲೆ ನೀಲಿ ಪಟ್ಟಿ... ನಮ್ಮ ಕಂಪನಿಯದೇ. ಅವೆಲ್ಲ ಗುಮ್ಮಟದಡಿ ಇರಬೇಕಲ್ಲ?

ಮೇಸ್ತ್ರಿಯನ್ನು ಕೇಳಿದೆ. "ಪೈಲಿ ಧಣಿ ಕಳ್ಸಿದ್ದು, ಚೇಡತ್ತಿ. ಹೋದ ವಾರವೇ ಬಂದ್ವು."

ಬರುವಾಗ ಟಾರ್ಪಾಲು ಎತ್ತಿ ನೋಡಿದೆ. ಅಂಚಿನಲ್ಲಿ ಸುತ್ತಲೂ ಜಾಕಿ. ನಡುವೆ ಬರಿದು.

ಜನವರಿ ೧೮

ಇವರಿಗೆ ಎಲ್ಲ ಹೇಳಿದೆ.

"ಕೇಳ್ದೆ ಅವನ್ನ. ಗಟ್ಟಿಯಾಗಿದೆ ಅಂದ."

"ಗಟ್ಟಿಯಾಗಿದ್ರೆ ಟಾರ್ಪಾಲು ಯಾಕ್ರಿ?"

"ತಮ್ಮ ಕಣೇ ಅವನು."

ಅಷ್ಟೇ. ನಾಳೆಗೆ ಬಿಳಿ ಅಂಗಿ ಇಸ್ತ್ರಿ ಮಾಡಿಡು ಅಂದರು. ಮಾಡಿದೆ. ಕಾಲರು ಸುಟ್ಟುಹೋಯಿತು. ಬೇರೆ ಅಂಗಿ ತೆಗೆದಿಟ್ಟೆ.

ಜನವರಿ ೧೯, ಮಧ್ಯಾಹ್ನ

ಬೆಳಿಗ್ಗೆ ಪೈಲಿ ಜೀಪು ತಂದ. ಫೋಟೋದವನೂ ಇದ್ದ.

"ಪೈಲೀ, ಅಣ್ಣನ ಜೊತೆ ನಾನೂ ನಿಲ್ತೀನಿ. ನಿನ್ನ ಹೆಂಡ್ತಿ ರೋಸಿಗೂ ಹೇಳಿದೀನಿ, ಹೊರಟಿದಾಳೆ. ಮನೆಯವರೆಲ್ಲ ಒಂದೇ ಫೋಟೋದಲ್ಲಿ ಬರಲಿ."

ಅವನ ಮುಖ ಇಳಿಯಿತು. "ರೋಸಿ ಯಾಕೆ? ಅವಳಿಗೇನು ಗೊತ್ತು ಈ ಕೆಲಸ?"

"ಸುಮ್ಮನೆ ನಿಲ್ಲೋಕೆ ಏನಪ್ಪಾ ಗೊತ್ತಿರಬೇಕು?"

ಪೈಲಿ ಡ್ರೈವರನಿಗೆ ಮೆಲ್ಲಗೆ ಹೇಳಿದ: "ಕಾಲಡಿಗೆ ತಿರುಗ್ಸು. ಜಾಕಿ ವಾಪಸ್ ತರಬೇಕು."

ಇವರು ಮೆಟ್ಟಿಲ ಮೇಲೆ ಚಪ್ಪಲಿ ಹಾಕುತ್ತಿದ್ದವರು ಅದು ಕೇಳಿ ಹಾಗೇ ನಿಂತುಬಿಟ್ಟರು. ಆಮೇಲೆ ನೆಟ್ಟಗೆ ಇಗರ್ಜಿ ಹಾಲಿಗೆ ಹೋಗಿ ಆಳುಗಳನ್ನೆಲ್ಲ ಹೊರಗೆ ಕಳಿಸಿದರಂತೆ. ಜಾಕಿ ಬಂದು ನಡುವೆ ಕೊಟ್ಟ ಮೇಲೇ ಮನೆಗೆ ಬಂದರು. ಯಾರಿಗೂ ಏನೂ ಆಗಲಿಲ್ಲ. ದೇವರಿಗೆ ಸ್ತೋತ್ರ.

ಊಟಕ್ಕೆ ಏಳಲಿಲ್ಲ. ಒಂದೇ ಮಾತು ಅಂದರು: "ನಾನು ನಿಲ್ತೀನಿ ಅಂದಾಗ ಅವನಿಗೆ ಭಯ ಆಗ್ಲಿಲ್ಲ, ಅಲ್ವಾ?"

ಬಡಿಸಿಟ್ಟ ಗಂಜಿ ಆರಿತು.

ಪೈಲಿ ಗೇಟಿನಾಚೆ ನಿಂತಿದ್ದಾನೆ. ಬಿಸಿಲಲ್ಲಿ, ಬರಿ ತಲೆ. ಗೇಟು ತೆಗೆಯಲಾ ಅಂತ ಇವರನ್ನು ಕೇಳಿದೆ. ಇವರು ಚಪ್ಪಲಿ ಮೆಟ್ಟಿ ತಾವೇ ಗೇಟಿನ ಕಡೆ ಹೊರಟರು.